ಬಾನಿನ ಕಬ್ಬಿಣ, ಕುಲುಮೆಯ ಬೆಂಕಿ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಎರೆಹೊಲಗಳಲ್ಲಿ ಕರಿಕಲ್ಲಿಗೆ ಬರವಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಹರಿದ ಲಾವಾ ಆರಿ ಗಟ್ಟಿಯಾದ ಬಸಾಲ್ಟ್ ಅದು. ಅದರಲ್ಲಿ ಕಬ್ಬಿಣದ ಖನಿಜವಾದ ಮ್ಯಾಗ್ನೆಟೈಟ್ ಇರುವುದರಿಂದ ಕೆಲವು ಕಲ್ಲುಗಳು ಅಯಸ್ಕಾಂತವನ್ನೂ ಸೆಳೆಯುತ್ತವೆ. ಹಾಗೆಂದು ಅವು ಆಕಾಶದಿಂದ ಬಿದ್ದ ಕಬ್ಬಿಣವಲ್ಲ. ಉಲ್ಕೆಯ ಗುಟ್ಟು ಅದರ ಒಡಲಿನ ಹರಳುಗಳಲ್ಲಿದೆ. ಆ ಗುಟ್ಟು ತಿಳಿಯದ ಕಾಲದಲ್ಲಿ ಉಲ್ಕೆಯನ್ನು ಕುಲುಮೆಗೆ ಹಾಕಿದ್ದುಂಟು.

1621ರಲ್ಲಿ ಪಂಜಾಬಿನ ಜಾಲಂಧರದ ಬಳಿ ಹಳ್ಳಿಯೊಂದರಲ್ಲಿ ಭಾರೀ ಸದ್ದಿನೊಡನೆ ಬೆಳಕಿನ ಉಂಡೆಯೊಂದು ಬಿತ್ತು. ನೆಲ ಅಗೆಸಿದಾಗ ಕಬ್ಬಿಣದ ಬಿಸಿ ಗಟ್ಟಿ ಸಿಕ್ಕಿತು. ತೂಕ 160 ತೊಲ. ಮೊಗಲ್ ದೊರೆ ಜಹಾಂಗೀರ್ ಅದನ್ನು ಉಸ್ತಾದ್ ದಾವೂದನಿಗೆ ಒಪ್ಪಿಸಿ ಆಯುಧ ಮಾಡಿಸಿದ. ಸುತ್ತಿಗೆಯ ಏಟಿಗೆ ಅದು ಚೂರಾಯಿತು. ಕೊನೆಗೆ ಅದರ ಮೂರು ಪಾಲಿಗೆ ಒಂದು ಪಾಲು ಸಾಮಾನ್ಯ ಕಬ್ಬಿಣ ಬೆರೆಸಿ ಎರಡು ಕತ್ತಿ, ಒಂದು ಬಾಕು, ಒಂದು ಚೂರಿ ಮಾಡಲಾಯಿತು. ಜಹಾಂಗೀರನೇ ತನ್ನ ಆತ್ಮಕಥನದಲ್ಲಿ ಇದನ್ನು ಬರೆದಿದ್ದಾನೆ. ಚೂರಿ ಇಂದು ಅಮೆರಿಕದ ವಾಷಿಂಗ್ಟನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ.

ಆಯುಧ ಉಳಿಯಿತು, ಗಟ್ಟಿಯ ಒಡಲಲ್ಲಿದ್ದ ಚರಿತ್ರೆ ಅಳಿಯಿತು. ಕಬ್ಬಿಣದ ಉಲ್ಕೆಗಳು ಪುಟ್ಟ ಆಕಾಶಕಾಯಗಳ ಒಡಲಲ್ಲಿ ಕರಗಿ ಗಟ್ಟಿಯಾದ ಲೋಹ. ಹಲವು ಉಲ್ಕೆಗಳು ನೂರು ಡಿಗ್ರಿ ತಣಿಯಲು ಹತ್ತು ಲಕ್ಷ ವರ್ಷಗಳಿಗೂ ಹೆಚ್ಚು ಕಾಲ ಹಿಡಿದಿದೆ. ಆ ನಿಧಾನದಲ್ಲಿ ನಿಕ್ಕಲ್ ಕಡಿಮೆಯಿರುವ ಹರಳುಗಳೂ ಹೆಚ್ಚಿರುವ ಹರಳುಗಳೂ ಪದರಪದರವಾಗಿ ಬೇರ್ಪಡುತ್ತವೆ. ಉಲ್ಕೆಯನ್ನು ಕೊಯ್ದು, ನುಣುಪು ಮಾಡಿ, ತೆಳು ನೈಟ್ರಿಕ್ ಆಮ್ಲ ಸವರಿದರೆ ಈ ಪಟ್ಟೆಗಳು ಚಾಪೆಯ ಹೆಣಿಗೆಯಂತೆ ಎದ್ದು ಕಾಣುತ್ತವೆ. 1804ರಲ್ಲಿ ಥಾಮ್ಸನ್ ಇದನ್ನು ಪ್ರಕಟಿಸಿದರೂ 1808ರಲ್ಲಿ ಕಂಡ ವಿಯೆನ್ನಾದ ವಿಡ್‌ಮನ್‌ಷ್ಟೆಟನ್ ಹೆಸರೇ ಆ ವಿನ್ಯಾಸಕ್ಕೆ ನಿಂತಿತು.

ಇನ್ನೊಂದು ಬಗೆಯ ಗೆರೆಗಳೂ ಉಂಟು. 1847ರಲ್ಲಿ ಬೊಹೀಮಿಯದ ಬ್ರೌನೌದಲ್ಲಿ ಬಿದ್ದ ಉಲ್ಕೆಯಲ್ಲಿ ನಾಯ್‌ಮನ್ ಮರುವರ್ಷ ಕೂದಲೆಳೆಯಂಥ ಸಮಾನಾಂತರ ಗೆರೆಗಳನ್ನು ಕಂಡರು. ಆಕಾಶಕಾಯಗಳು ಡಿಕ್ಕಿ ಹೊಡೆದಾಗ ಉಂಟಾದ ಒತ್ತಡಕ್ಕೆ ಹರಳುಗಳು ಜರುಗಿ ಉಳಿದ ಗುರುತು ಅದು. ಮೊದಲನೆಯದು ತಣಿದ ಕಥೆ, ಎರಡನೆಯದು ಪೆಟ್ಟು ತಿಂದ ಕಥೆ. ಕುಲುಮೆಯ ಕಾವಿಗೆ ಎರಡೂ ಅಳಿಸಿಹೋಗುತ್ತವೆ. ಮತ್ತೆ ಮೂಡಿಸುವಷ್ಟು ಕಾಲ ಯಾವ ಕಮ್ಮಾರನಿಗೂ ಇಲ್ಲ.

ಕರ್ನಾಟಕದಲ್ಲಿ 1865ರಲ್ಲಿ ಮದ್ದೂರಿನಲ್ಲೂ 1866ರಲ್ಲಿ ಉಡುಪಿಯಲ್ಲೂ ಬಿದ್ದವು ಕಲ್ಲಿನ ಉಲ್ಕೆಗಳು. ಎರೆಹೊಲ ಉಳುವಾಗ ಗಾತ್ರಕ್ಕೆ ಮೀರಿದ ಭಾರದ ಗಟ್ಟಿಯೊಂದು ನೇಗಿಲಿಗೆ ತಗುಲಿದರೆ ಅದನ್ನು ಒಡೆಯದೆ, ಕಾಸದೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ ತೋರಿಸುವುದೇ ಸರಿಯಾದ ದಾರಿ.