ಬಾದಾಮಿಯ ಭಿತ್ತಿಚಿತ್ರಗಳೂ ರಸಾಯನಶಾಸ್ತ್ರವೂ

ಬಾದಾಮಿಯ ಮೂರನೆಯ ಗುಹೆಗೆ ಬಂದ ಯಾತ್ರಿಕರು ಆದಿಶೇಷನ ಮೇಲೆ ಆಸೀನನಾದ ವಿಷ್ಣುವಿನ ಎದುರಿನಲ್ಲಿಯೂ, ಮುಗಿಲಿಗೆ ಕಾಲೆತ್ತಿದ ತ್ರಿವಿಕ್ರಮನ ಎದುರಿನಲ್ಲಿಯೂ ಬೇಕಾದಷ್ಟು ಹೊತ್ತು ನಿಂತು, ಕಂಬಗಳ ಬೋದಿಗೆಯ ದಂಪತಿಶಿಲ್ಪಗಳನ್ನು ಕೊಂಡಾಡಿ ಹಿಂದಿರುಗುವರಲ್ಲದೆ, ಮುಖಮಂಟಪದ ಅಂಚಿನಲ್ಲಿ ನಿಂತು, ಕತ್ತೆತ್ತಿ, ಹೊರಕ್ಕೆ ಚಾಚಿದ ಕಪೋತದ ಒಳಮೈಯನ್ನು ದಿಟ್ಟಿಸುವವರು ವಿರಳ. ಅಲ್ಲಿ ಬಂಡೆಯ ಕೆಂಪಿನೊಡನೆ ಬೆರೆತುಹೋದಂತೆ ತೋರುವ ಗಿಲಾವಿನ ತೇಪೆಗಳ ಮೇಲೆ, ಕಣ್ಣು ಸ್ವಲ್ಪ ಪಳಗಿದ ಬಳಿಕ, ಒಂದು ಮುಖ, ಒಂದು ಮಡಿಸಿದ ತೋಳು, ಆಭರಣದ ಒಂದು ಗೆರೆ ತಲೆದೋರುತ್ತವೆ. ಆಸ್ಥಾನದಲ್ಲಿ ನೃತ್ಯವನ್ನು ನೋಡುತ್ತ ಕುಳಿತ ರಾಜನೋ ಇಂದ್ರನೋ ಎಂದು ವಿದ್ವಾಂಸರು ಚರ್ಚಿಸಿರುವ ದೃಶ್ಯದ ಅವಶೇಷಗಳಿವು. ಶಕವರ್ಷ 500, ಅಂದರೆ ಕ್ರಿ.ಶ. 578ರ ಕಾರ್ತಿಕದ ಹುಣ್ಣಿಮೆಯಂದು, ಅಣ್ಣನಾದ ಚಾಲುಕ್ಯ ದೊರೆ ಕೀರ್ತಿವರ್ಮನ ಆಳಿಕೆಯ 12ನೆಯ ವರ್ಷದಲ್ಲಿ, ಮಂಗಲೇಶನು ಈ ವಿಷ್ಣುಗೃಹಕ್ಕೆ ಲಂಜಿಗೇಸರವೆಂಬ ಗ್ರಾಮವನ್ನು ದತ್ತಿಬಿಟ್ಟ ಸಂಗತಿ ಇಲ್ಲಿಯ ಶಾಸನದಲ್ಲಿಯೇ ಇರುವುದರಿಂದ, ಕಾಲನಿರ್ಣಯದ ಮಟ್ಟಿಗೆ ಈ ಗುಹೆಯಷ್ಟು ಭದ್ರವಾದ ಆಧಾರವುಳ್ಳ ಚಿತ್ರಸ್ಥಾನಗಳು ಭಾರತದಲ್ಲಿ ಬಹಳವಿಲ್ಲ.

ಆದರೂ ಈ ಬಣ್ಣದ ಕಡೆಗೆ ವಿದ್ವಜ್ಜನರ ದೃಷ್ಟಿ ಹರಿದುದು ತಡವಾಗಿಯೇ. 1874ರಲ್ಲಿ ಜೇಮ್ಸ್ ಬರ್ಜೆಸ್ಸನು ಬೆಳಗಾಂವಿ ಮತ್ತು ಕಲಾದಗಿ ಜಿಲ್ಲೆಗಳನ್ನು ಸುತ್ತಿ ವರದಿ ಬರೆದನು, 1928ರಲ್ಲಿ ಆರ್. ಡಿ. ಬ್ಯಾನರ್ಜಿಯವರು ಬಾದಾಮಿಯ ಉಬ್ಬುಶಿಲ್ಪಗಳನ್ನು ಕುರಿತು ಒಂದು ಗ್ರಂಥವನ್ನೇ ಹೊರತಂದರು. ಚಿತ್ರಗಳಿಗೆ ಸಲ್ಲಬೇಕಾದ ಮರ್ಯಾದೆ ದೊರೆತುದು ಕಲ್ಕತ್ತೆಯ ವಿಶ್ವವಿದ್ಯಾಲಯದಲ್ಲಿ ಬೋಧಿಸುತ್ತಿದ್ದ ಸ್ಟೆಲ್ಲಾ ಕ್ರಾಮ್ರಿಶ್ ಎಂಬ ವಿದುಷಿಯು 1936ರಲ್ಲಿ ಪ್ರಕಟಿಸಿದ ಲೇಖನದಿಂದ. ಆ ವೇಳೆಗೆ ಉಳಿದಿದ್ದುದೆಷ್ಟು? ಗುಹೆಯನ್ನೆಲ್ಲ ಅಲಂಕರಿಸಿದ್ದಿರಬಹುದಾದ ವರ್ಣಸಂಪತ್ತಿನಲ್ಲಿ ಕಪೋತದ ಕೆಳಗಣ ಕೆಲವು ತುಣುಕುಗಳು ಮಾತ್ರ.

ಈ ತಡ ಒಂದು ವಿಧದಲ್ಲಿ ಉಪಕಾರವೇ ಆಯಿತೆಂದು ನಾನು ಭಾವಿಸುತ್ತೇನೆ. ಮೊದಲೇ ಪ್ರಸಿದ್ಧಿಗೆ ಬಂದ ಅಜಂತೆಯು ಆ ಪ್ರಸಿದ್ಧಿಗಾಗಿ ತೆತ್ತ ಬೆಲೆಯನ್ನು ನೋಡಿದರೆ ಇದು ತಿಳಿಯುತ್ತದೆ. ಅಲ್ಲಿ ಪ್ರತಿಕೃತಿ ತೆಗೆಯಲು ಬಂದವರು ಬಣ್ಣ ಎದ್ದುಕಾಣಲೆಂದು ಭಿತ್ತಿಗೆ ವಾರ್ನಿಷ್ ಬಳಿದರು. ಕಾಲಕ್ರಮದಲ್ಲಿ ಅದು ಹಳದಿಗಟ್ಟಿ, ಕಂದಾಗಿ, ಹಕ್ಕಳೆಯೇಳುವಾಗ ಚಿತ್ರವನ್ನೂ ತನ್ನೊಡನೆ ಎಬ್ಬಿಸಿತು. 1920ರಿಂದ ಮುಂದಕ್ಕೆ ನಿಜಾಮ ಸರ್ಕಾರವು ಇಟಲಿಯಿಂದ ಕರೆಸಿದ ಚೆಕೋನಿ, ಓರ್ಸಿನಿ ಎಂಬ ತಜ್ಞರು ಬಿರುಕುಬಿಟ್ಟ ಗಿಲಾವನ್ನು ಬಂಡೆಗೆ ಕಚ್ಚಿಸಿ ಮಹೋಪಕಾರ ಮಾಡಿದರಾದರೂ, ಅವರು ಲೇಪಿಸಿದ ಅರಗಿನ ದ್ರಾವಣವೂ ಮುಂದೆ ಮಂಕು ಹಿಡಿಯಿತು. ಇವರಲ್ಲಿ ಯಾರ ಭಕ್ತಿಯಲ್ಲಿಯೂ ಕೊರತೆಯಿರಲಿಲ್ಲ. ಎದುರಿಗಿರುವ ವಸ್ತು ಯಾವ ಯಾವ ದ್ರವ್ಯಗಳಿಂದ, ಯಾವ ಕ್ರಮದಲ್ಲಿ ನಿರ್ಮಿತವಾಗಿದೆ ಎಂಬ ಪ್ರಶ್ನೆಯನ್ನು ಕೇಳುವ ಮೊದಲೇ ಮದ್ದು ಹಚ್ಚಿದ್ದೇ ದೋಷ.

ಆ ಪ್ರಶ್ನೆಯನ್ನು ಕೇಳುವುದಕ್ಕೆಂದೇ ಒಂದು ಪ್ರಯೋಗಶಾಲೆ ಬೇಕೆಂಬ ಅರಿವು ಯುರೋಪಿನಲ್ಲಿ 1888ರಲ್ಲಿ, ಬರ್ಲಿನ್ನಿನ ಅರಸೊತ್ತಿಗೆಯ ವಸ್ತುಸಂಗ್ರಹಾಲಯಗಳಲ್ಲಿ ಫ್ರೀಡ್ರಿಷ್ ರಾಥ್‌ಗೆನ್ ಎಂಬ ರಸಾಯನಜ್ಞನ ನೇಮಕದಿಂದ ಮೊಳೆಯಿತು. ನಮ್ಮಲ್ಲಿ ಪುರಾತತ್ವ ಇಲಾಖೆಯು 1917ರಲ್ಲಿ ಮೊಹಮ್ಮದ್ ಸನಾವುಲ್ಲಾ ಅವರನ್ನು ತನ್ನ ಪ್ರಥಮ ರಸಾಯನಜ್ಞರನ್ನಾಗಿ ನೇಮಿಸಿಕೊಂಡಿತು. ಕೆಲವು ವರ್ಷಗಳಲ್ಲಿ ಅವರ ಪ್ರಯೋಗಾಲಯವು ಡೆಹರಾಡೂನಿಗೆ ಸಾಗಿತು. ದಕ್ಷಿಣದಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವು ಕಿಲುಬು ತಿನ್ನುತ್ತಿದ್ದ ಕಂಚಿನ ವಿಗ್ರಹಗಳನ್ನು ಉಳಿಸಿಕೊಳ್ಳುವ ಸಲುವಾಗಿ 1930ರಲ್ಲಿ ತನ್ನದೇ ಪ್ರಯೋಗಾಲಯವನ್ನು ತೆರೆಯಿತು. ಅಲ್ಲಿಯ ಎಸ್. ಪರಮಶಿವನ್ ಅವರು ಲೋಹದಿಂದ ಭಿತ್ತಿಗೆ ಹೊರಳಿ, ತಂಜಾವೂರು, ಅಜಂತಾ, ಎಲ್ಲೋರಗಳ ಚಿತ್ರಗಳನ್ನು ಪರೀಕ್ಷಿಸಿದಂತೆಯೇ ಬಾದಾಮಿಯ ಚಿತ್ರವಿಧಾನವನ್ನೂ ಪರೀಕ್ಷಿಸಿ, 1939ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಲೆಯ ಪತ್ರಿಕೆಯಲ್ಲಲ್ಲ, ವಿಜ್ಞಾನದ ಪತ್ರಿಕೆಯಲ್ಲಿ ಎಂಬುದನ್ನು ಗಮನಿಸಬೇಕು. ಕರ್ಣಾಟಕದ ಒಂದು ಗುಹಾಲಯ ಬೆಳಕು ಮತ್ತು ಹರಳುಗಳ ಶಾಸ್ತ್ರದ ನೆರೆಯಲ್ಲಿ ಸ್ಥಾನ ಪಡೆದುದು ಸಣ್ಣ ಸಂಗತಿಯಲ್ಲ.

ಆ ತಲೆಮಾರಿನ ಪರೀಕ್ಷಾಕ್ರಮವನ್ನು ತುಸು ಹತ್ತಿರದಿಂದ ನೋಡುವುದು ಸ್ವಾರಸ್ಯಕರ. ಚಿತ್ರದ ಮುಖ್ಯಭಾಗವನ್ನು ಮುಟ್ಟದೆ, ಮೊದಲೇ ಒಡೆದಿರುವ ಅಂಚಿನಿಂದ ಕಾಳಿನಷ್ಟು ಸಣ್ಣ ಚೂರನ್ನು ತೆಗೆದುಕೊಳ್ಳುವರು. ಅದನ್ನು ಮೇಣದಂಥ ಪದಾರ್ಥದಲ್ಲಿ ಹುದುಗಿಸಿ, ಪದರಗಳು ಕಾಣುವಂತೆ ಅಡ್ಡಲಾಗಿ ಕೊಯ್ದು ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಒರಟು ಗಿಲಾವು, ಅದರ ಮೇಲಿನ ನಯವಾದ ಲೇಪ, ಕೊನೆಯಲ್ಲಿ ಬಣ್ಣದ ತೆಳುಪೊರೆ ಇವು ಒಂದರ ಮೇಲೊಂದು ಬೇರೆಬೇರೆಯಾಗಿ ತೋರುತ್ತವೆ. ಸುಣ್ಣದ ಗಾರೆ ಹಸಿಯಾಗಿದ್ದಾಗಲೇ ಚಿತ್ರಕಾರನು ಬಣ್ಣವಿಟ್ಟಿದ್ದರೆ, ಸುಣ್ಣವು ಗಾಳಿಯ ಇಂಗಾಲಾಮ್ಲವನ್ನು ಹೀರಿ ಗಟ್ಟಿಯಾಗುವಾಗ ಬಣ್ಣದ ಕಣಗಳನ್ನು ತನ್ನೊಳಗೆ ಬಂಧಿಸಿಕೊಂಡಿರುತ್ತದೆ. ಒಣಗಿದ ನೆಲದ ಮೇಲೆ ಅಂಟಿನೊಡನೆ ಬರೆದಿದ್ದರೆ ಬಣ್ಣವು ಪ್ರತ್ಯೇಕವಾದ ಪೊರೆಯಾಗಿ ಮೇಲೆ ಕುಳಿತಿರುತ್ತದೆ. ಚೂರಿನ ಮೇಲೆ ದುರ್ಬಲವಾದ ಆಮ್ಲದ ಒಂದು ಹನಿ ಬಿಟ್ಟಾಗ ಬುರುಗು ಎದ್ದರೆ ಸುಣ್ಣವುಂಟು. ಆಮೇಲೆ ಉಳಿದ ಗಸಿಯಲ್ಲಿ ಮರಳು, ಜೇಡಿ, ನಾರು, ಹೊಟ್ಟು ಏನೇನಿವೆ ಎಂದು ಎಣಿಸಬಹುದು. ಸಾರಜನಕದ ಸುಳಿವು ಸಿಕ್ಕರೆ ಸರೇಸಿನಂಥ ಪ್ರಾಣಿಜನ್ಯವಾದ ಅಂಟನ್ನು ಸಂಶಯಿಸಬೇಕು. ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜುಗಳಲ್ಲಿ ಓದುವ ಹುಡುಗರು ಕಲಾದಗಿ ಸೀಮೆಯ ಸುಣ್ಣಕಲ್ಲಿನ ಮೇಲೆ ಆಮ್ಲ ಬಿಟ್ಟು ಬುರುಗನ್ನು ನೋಡಿರುತ್ತಾರೆ, ಅದೇ ಬುರುಗು ಬಾದಾಮಿಯ ಚಿತ್ರಕಾರನ ಕೈಚಳಕಕ್ಕೂ ಸಾಕ್ಷಿ ಹೇಳಬಲ್ಲುದೆಂಬುದನ್ನು ಅವರಿಗೆ ಅಧ್ಯಾಪಕರು ಹೇಳುತ್ತಾರೋ ಇಲ್ಲವೋ ನಾನರಿಯೆ, ಹೇಳಬೇಕು.

ಚಿತ್ರಕ್ಕೆ ಆಧಾರವಾದ ಬಂಡೆಯ ಸ್ವಭಾವವೂ ಈ ಶಾಸ್ತ್ರದ ವಿಷಯವೇ. ಬಾದಾಮಿಯ ಮರಳುಗಲ್ಲು ಬೆಣಚಿನ ಕಣಗಳು ಕಬ್ಬಿಣದ ಆಕ್ಸೈಡಿನಿಂದ ಕೆಂಪೇರಿದುದು. ಭೂಗರ್ಭಶಾಸ್ತ್ರಜ್ಞರು ಈ ಸ್ತರಕ್ಕೆ ಗುಹಾಲಯಗಳ ಹೆಸರನ್ನೇ ಇಟ್ಟಿದ್ದಾರೆ. ಕಲ್ಲು ಗಟ್ಟಿಯಾದರೂ ಅದರ ಸಂದುಗಳು ನೀರನ್ನು ಬಿಟ್ಟುಕೊಡುತ್ತವೆ. ಮಳೆಗಾಲದಲ್ಲಿ ಗುಡ್ಡದ ನೆತ್ತಿಯ ಮೇಲೆ ಬಿದ್ದ ನೀರು ಬಿರುಕುಗಳಲ್ಲಿ ಇಳಿಯುತ್ತ ಲವಣಗಳನ್ನು ಕರಗಿಸಿ ತಂದು, ಬೇಸಗೆಯಲ್ಲಿ ಆವಿಯಾಗುವಾಗ ಅವನ್ನು ಗಿಲಾವಿನ ಹಿಂದೆಯೇ ಬಿಟ್ಟುಹೋಗುತ್ತದೆ. ಲವಣವು ಹರಳುಗಟ್ಟಿ ಉಬ್ಬಿದಾಗ ಬಣ್ಣವು ಬೆನ್ನಿನಿಂದ ನೂಕಿಸಿಕೊಂಡು ಸಿಡಿಯುತ್ತದೆ. ಇದರ ಮೇಲೆ ಬಾವಲಿಗಳ ಹಿಕ್ಕೆ, ಧೂಳು, ಗಾಳಿಯೊಡನೆ ನುಗ್ಗುವ ಇರಚಲು. ಗುಹೆಗಳು ಅಗಸ್ತ್ಯತೀರ್ಥವೆಂಬ ಕೆರೆಯ ದಕ್ಷಿಣದ ಗುಡ್ಡದಲ್ಲಿ ಉತ್ತರಾಭಿಮುಖವಾಗಿರುವುದರಿಂದ ಸುಡುಬಿಸಿಲು ಬಹುಮಟ್ಟಿಗೆ ತಪ್ಪಿರುವುದೂ, ಕಪೋತದ ಬಾಗು ಮಳೆಗೆ ಮರೆಯಾದುದೂ ಸೇರಿ ಆ ಕೆಲವು ತುಣುಕುಗಳನ್ನು ಕಾಪಾಡಿದಂತೆ ತೋರುತ್ತದೆ.

ಇಂಥ ಭಿತ್ತಿಯನ್ನು ಉಪಚರಿಸುವಾಗ ಕಾಗದದ ಮುದ್ದೆಯನ್ನು ತೊಯ್ಸಿ ಅಂಟಿಸಿ ಲವಣವನ್ನು ಹೊರಕ್ಕೆ ಹೀರುವುದು, ಎದ್ದ ಹಕ್ಕಳೆಯ ಹಿಂದೆ ಅಂಟನ್ನು ಚುಚ್ಚಿ ಮೆಲ್ಲನೆ ಒತ್ತುವುದು, ಮಸಿಯನ್ನು ದ್ರಾವಕದಲ್ಲಿ ಅದ್ದಿದ ಹತ್ತಿಯಿಂದ ತೆಗೆಯುವುದು ರಸಾಯನಜ್ಞರ ರೂಢಿ. ಅರಗಿಗೆ ಬದಲಾಗಿ ಬಂದ ಪಾಲಿವಿನೈಲ್ ಅಸಿಟೇಟ್ ಕೂಡ ಮುಂದೆ ಅಜಂತೆಯಲ್ಲಿ ತೆಗೆಯಬೇಕಾದ ಹೊರೆಯಾಯಿತು. ಆದುದರಿಂದ, ಬೇಕೆಂದಾಗ ಹಿಂತೆಗೆಯಲಾಗದ ದ್ರವ್ಯವನ್ನು ಹಚ್ಚಕೂಡದೆಂಬುದು ಈ ವೃತ್ತಿಯ ಮೊದಲ ನಿಯಮವಾಗಿ ನಿಂತಿದೆ.

ಮಾಸಿದ ಮುಖಗಳಿಗೆ ಹೊಸ ಬಣ್ಣ ತುಂಬಿ ಯಾತ್ರಿಕರಿಗೆ ಪೂರ್ಣಚಿತ್ರವನ್ನು ತೋರಿಸಬಾರದೇ ಎಂದು ಕೇಳುವ ಸಜ್ಜನರು ಇದ್ದೇ ಇದ್ದಾರೆ. ಆ ಆಸೆಗೆ ಪ್ರತಿಕೃತಿಗಳು ಸಾಕು. ಮುಂಬಯಿಯ ಕಲಾವಿದ ಜೆ. ಎಂ. ಅಹಿವಾಸಿಯವರು ಅವನ್ನು ಶ್ರದ್ಧೆಯಿಂದ ಮಾಡಿದ್ದಾರೆ. ಮೂಲದ ಮೇಲೆ ಬಿದ್ದ ಇಂದಿನ ಒಂದು ಕುಂಚದ ಗೆರೆಯೂ ನಾಳಿನ ಪರೀಕ್ಷಕನ ಅಡ್ಡಕೊಯ್ತದಲ್ಲಿ ಸುಳ್ಳುಸಾಕ್ಷಿಯಾಗಿ ನಿಲ್ಲುತ್ತದೆ. ಈಗ ಚೂರನ್ನು ಕೀಳದೆಯೇ, ಕ್ಷ-ಕಿರಣವನ್ನು ಹಾಯಿಸಿ ಬಣ್ಣದಲ್ಲಿರುವ ಕಬ್ಬಿಣ, ತಾಮ್ರಗಳನ್ನು ಗುರುತಿಸುವ ಕೈಯಂತ್ರಗಳು ಬಂದಿವೆ; ಆದರೆ ಅವು ಧಾತುಗಳನ್ನು ಹೇಳಬಲ್ಲವೇ ಹೊರತು ಪದರಗಳ ಅನುಕ್ರಮವನ್ನೂ ಅಂಟಿನ ಜಾತಿಯನ್ನೂ ತಾವಾಗಿ ಹೇಳಲಾರವು. ಅದಕ್ಕೆ ಇಂದಿಗೂ ಪರಮಶಿವನ್ ಅವರ ಕಾಲದ ಆ ಕಾಳಿನಷ್ಟು ಚೂರೇ ಬೇಕಾಗುತ್ತದೆ.