ಒಂಟೆಯ ಡುಬ್ಬ, ವೊಂಬ್ಯಾಟಿನ ಹಿಕ್ಕೆ

ಜೀರ್ಣಾಂಗಗಳ ಪಾಠ ದೊಡ್ಡ ಕರುಳಿಗೆ ಬಂದೊಡನೆ ತರಗತಿಯಲ್ಲಿ ನಗು ಏಳುತ್ತದೆ. ಅಧ್ಯಾಪಕರು ಅವಸರದಿಂದ ಮುಂದಕ್ಕೆ ಹೋಗುತ್ತಾರೆ. ಜಪಾನಿನ ಚಿತ್ರಕಾರ ತಾರೋ ಗೋಮಿ ಅಲ್ಲಿಯೇ ನಿಂತರು. 1977ರಲ್ಲಿ ಅವರು ರಚಿಸಿದ ‘ಮಿನ್ನಾ ಉಂಚಿ’ ಎಂಬ ಚಿತ್ರಪುಸ್ತಕದ ವಸ್ತುವೇ ಮಲವಿಸರ್ಜನೆ. ಅದು ಮೊದಲು ಬಂದದ್ದು ‘ಕಗಾಕು ನೋ ತೋಮೊ’, ಎಂದರೆ ‘ವಿಜ್ಞಾನ ಮಿತ್ರ’ ಎಂಬ ಮಕ್ಕಳ ಮಾಸಿಕದಲ್ಲಿ. 1993ರಲ್ಲಿ ಇಂಗ್ಲಿಷಿಗೆ ಅನುವಾದವಾಯಿತು.

ಪುಸ್ತಕದಲ್ಲಿ ಉಪದೇಶವಿಲ್ಲ, ಹೋಲಿಕೆ ಇದೆ. ಆನೆಯದು ದೊಡ್ಡದು, ಇಲಿಯದು ಚಿಕ್ಕದು. ಕೆಲವು ಪ್ರಾಣಿಗಳು ನಿಂತು ವಿಸರ್ಜಿಸುತ್ತವೆ, ಕೆಲವು ನಡೆಯುತ್ತಲೇ. (ಸಗಣಿ, ಲದ್ದಿ, ಹಿಕ್ಕೆ ಎಂದು ಬೇರೆ ಬೇರೆ ಹೆಸರಿಟ್ಟ ಕನ್ನಡಿಗರಿಗೆ ಇಂಥ ವರ್ಗೀಕರಣ ಹೊಸದೇನಲ್ಲ.) ಒಂದು ಡುಬ್ಬದ ಒಂಟೆಯ ಮಲಕ್ಕೆ ಒಂದು ಡುಬ್ಬ, ಎರಡು ಡುಬ್ಬದ ಒಂಟೆಯದಕ್ಕೆ ಎರಡು ಎಂದು ಹೇಳಿ, ಮರುಕ್ಷಣವೇ ಅದು ಸುಳ್ಳೆಂದು ಒಪ್ಪಿಕೊಳ್ಳುತ್ತದೆ. ಮುದ್ರಿತವಾದದ್ದನ್ನೂ ಸಂಶಯಿಸಬಹುದೆಂದು ಮಗುವಿಗೆ ತಿಳಿಯುವುದು ಹೀಗೆ. ನನಗೆ ಬಹಳ ಹಿಡಿಸಿದ ಪುಟ ಅದು.

ಆದರೆ ಮಲದ ಆಕಾರ ಬರೀ ತಮಾಷೆಯ ವಿಷಯವಲ್ಲ. ಆಸ್ಟ್ರೇಲಿಯದ ವೊಂಬ್ಯಾಟ್ ಎಂಬ ಪ್ರಾಣಿಯ ಹಿಕ್ಕೆ ಪಗಡೆಯ ದಾಳದಂತೆ ಚೌಕವಾಗಿರುತ್ತದೆ. ಪೆಟ್ರಿಷಿಯಾ ಯಾಂಗ್, ಡೇವಿಡ್ ಹೂ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದರ ಕರುಳಿನ ಗೋಡೆಯ ಬಿಗಿ ಸುತ್ತಲೂ ಒಂದೇ ಸಮನಾಗಿಲ್ಲ. ಬಿಗಿಯಾದ ಭಾಗ ಬೇಗ ಸಂಕುಚಿಸುತ್ತದೆ; ಮೃದುವಾದ ಭಾಗ ನಿಧಾನವಾಗಿ ಚಲಿಸಿ, ಒಣಗುತ್ತಿರುವ ಮಲದಲ್ಲಿ ಮೂಲೆಗಳನ್ನು ಮೂಡಿಸುತ್ತದೆ. ಸ್ಥಿತಿಸ್ಥಾಪಕತೆಯ ಪಾಠಕ್ಕೆ ನಾನು ಈಗ ಇದೇ ಉದಾಹರಣೆ ಕೊಡುತ್ತೇನೆ. ವಿದ್ಯಾರ್ಥಿಗಳು ನಕ್ಕರೆ, ನಗು ಮುಗಿಯುವವರೆಗೆ ಕಾಯುತ್ತೇನೆ.