ಒಂದೇ ಹೆಸರು, ಹಳದಿ ಪುಸ್ತಕ: ವಿಮಾನ ಪಯಣಿಗನ ಗುರುತಿನ ಚರಿತ್ರೆ

ಹುಣಸೂರಿನಿಂದ ಮಡಿಕೇರಿಯ ಕಡೆಗೆ ಹೊರಟರೆ ಪಿರಿಯಾಪಟ್ಟಣ ದಾಟಿದ ಮೇಲೆ, ಕುಶಾಲನಗರಕ್ಕೆ ಮುನ್ನ, ಬೈಲುಕುಪ್ಪೆ ಸಿಗುತ್ತದೆ. ಅಲ್ಲಿನ ಟಿಬೆಟನ್ ಮಠಗಳನ್ನು ನೀವು ಶಾಲಾ ಪ್ರವಾಸದಲ್ಲಿ ನೋಡಿರಬಹುದು. ಆ ನೆಲೆಯ ಅನೇಕರು ವಿದೇಶಕ್ಕೆ ಹೊರಟಾಗ ಅವರ ಕೈಯಲ್ಲಿ ಪಾಸ್‌ಪೋರ್ಟ್ ಇರುವುದಿಲ್ಲ. ಹಳದಿ ಹೊದಿಕೆಯ ಗುರುತಿನ ಪ್ರಮಾಣಪತ್ರ ಇರುತ್ತದೆ. ಸುತ್ತಲಿನ ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಹಳ್ಳಿಯವರ ಸಮಸ್ಯೆ ಬೇರೆ. ಅವರ ಬಳಿ ಪಾಸ್‌ಪೋರ್ಟ್ ಇರುತ್ತದೆ, ಆದರೆ ಅದರಲ್ಲಿ ಮನೆತನದ ಹೆಸರಿನ ಜಾಗ ಎಷ್ಟೋ ವೇಳೆ ಖಾಲಿ. ಊರು ಮತ್ತು ತಂದೆಯ ಹೆಸರುಗಳ ಮೊದಲಕ್ಷರವೇ ನಮ್ಮಲ್ಲಿ ಮನೆತನದ ಹೆಸರಿನ ಕೆಲಸ ಮಾಡುತ್ತದೆ. ನಮ್ಮ ತಾಲ್ಲೂಕುಗಳಿಗೇ ಇನಿಷಿಯಲ್ ಇರುವಾಗ ಜನರಿಗೆ ಇರುವುದು ಸಹಜವೇ ಸರಿ!

ಈ ಎರಡು ಬಗೆಯ ಪಯಣಿಗರೂ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಇತರರಿಗಿಂತ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ. ಏಕೆ? ಆ ಕೌಂಟರ್ ನಿಜವಾಗಿ ಪರೀಕ್ಷಿಸುವುದು ಏನನ್ನು? ಇದಕ್ಕೆ ಉತ್ತರ ಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಒಬ್ಬ ವಿಜ್ಞಾನಿಯ ಕೊಡುಗೆ

ಮೊದಲನೆಯ ಮಹಾಯುದ್ಧಕ್ಕೆ ಮುನ್ನ ಯೂರೋಪಿನ ಬಹುಭಾಗದಲ್ಲಿ ಪಾಸ್‌ಪೋರ್ಟ್ ಇಲ್ಲದೆಯೇ ಪ್ರಯಾಣ ಸಾಧ್ಯವಿತ್ತು. ಯುದ್ಧಕಾಲದ ಅನುಮಾನ ಗಡಿಗಳಲ್ಲಿ ತಪಾಸಣೆಯನ್ನು ತಂದಿತು. ಯುದ್ಧ ಮುಗಿದರೂ ತಪಾಸಣೆ ಉಳಿಯಿತು. 1920ರಲ್ಲಿ ರಾಷ್ಟ್ರಸಂಘವು ಪ್ಯಾರಿಸ್‌ನಲ್ಲಿ ನಡೆಸಿದ ಸಮ್ಮೇಳನವು ಎಲ್ಲ ದೇಶಗಳಿಗೂ ಒಂದೇ ಮಾದರಿಯ, 32 ಪುಟಗಳ ಪುಸ್ತಕವನ್ನು ಶಿಫಾರಸು ಮಾಡಿತು. ಇಂದಿನ ಪಾಸ್‌ಪೋರ್ಟಿನ ರೂಪ ಅಲ್ಲಿಂದ ಬಂದುದು.

ಆದರೆ ದೇಶವನ್ನೇ ಕಳೆದುಕೊಂಡವರಿಗೆ ಪುಸ್ತಕ ಕೊಡುವವರು ಯಾರು? ರಷ್ಯದ ಕ್ರಾಂತಿಯ ನಂತರ ಲಕ್ಷಾಂತರ ಜನ ಹೀಗೆ ಅತಂತ್ರರಾಗಿದ್ದರು. 1922ರಲ್ಲಿ ಅವರಿಗಾಗಿ ವಿಶೇಷ ಪ್ರಯಾಣ ಪತ್ರವೊಂದನ್ನು ರೂಪಿಸಿದವನು ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್. ಈತ ಮೂಲತಃ ವಿಜ್ಞಾನಿ. ನರಮಂಡಲದ ರಚನೆಯ ಮೇಲೆ ಡಾಕ್ಟರೇಟ್ ಪಡೆದವನು. ‘ಫ್ರಾಮ್’ ಹಡಗಿನಲ್ಲಿ ಉತ್ತರ ಧ್ರುವ ಸಾಗರಕ್ಕೆ ಹೋದಾಗ, ತೇಲುವ ಹಿಮವು ಗಾಳಿಯ ದಿಕ್ಕಿನಲ್ಲಿ ಚಲಿಸದೆ ಅದರ ಬಲಕ್ಕೆ ಸರಿಯುವುದನ್ನು ಗಮನಿಸಿದವನು. ಭೂಮಿಯ ಭ್ರಮಣೆಯೇ ಇದಕ್ಕೆ ಕಾರಣವೆಂಬ ವಿವರಣೆಯನ್ನು ಆನಂತರ ಎಕ್‌ಮನ್ ಗಣಿತದ ಮೂಲಕ ಬೆಳೆಸಿದನು. ಸುಮಾರು ನಾಲ್ಕೂವರೆ ಲಕ್ಷ ಜನರಿಗೆ ದೊರೆತ ‘ನಾನ್ಸೆನ್ ಪಾಸ್‌ಪೋರ್ಟ್’ ಯಾರಿಗೂ ಪೌರತ್ವ ಕೊಡಲಿಲ್ಲ. ‘ಈತ ಇಂಥವನು’ ಎಂದಷ್ಟೇ ಹೇಳಿತು. ಗುರುತು ಬೇರೆ, ಪೌರತ್ವ ಬೇರೆ ಎಂಬ ಈ ವಿಂಗಡಣೆಯನ್ನು ನೆನಪಿನಲ್ಲಿಡಿ.

ಬೈಲುಕುಪ್ಪೆಯ ಹಳದಿ ಪುಸ್ತಕ

1959ರಲ್ಲಿ ದಲೈಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಬಂದ ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯ ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3000 ಎಕರೆ ಕಾಡುಭೂಮಿ ನೀಡಿತು. ಅವರು ಅದನ್ನು ಕಡಿದು, ಹದಮಾಡಿ ಮುಸುಕಿನ ಜೋಳ ಬೆಳೆದರು. 1970ರ ದಶಕದಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಇಂಥ ನೆಲೆ ಆರಂಭವಾಯಿತು. ವಿದೇಶಿ ಪ್ರವಾಸಿಗರು ಇಂದಿಗೂ ಬೈಲುಕುಪ್ಪೆಯಲ್ಲಿ ತಂಗಬೇಕಾದರೆ ಕೇಂದ್ರ ಗೃಹ ಸಚಿವಾಲಯದ ಅನುಮತಿ ಪಡೆಯಬೇಕು.

ಭಾರತವು ನಿರಾಶ್ರಿತರ ಕುರಿತ 1951ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಹಾಗಾಗಿ ಈ ಜನರ ವಿದೇಶ ಪ್ರಯಾಣಕ್ಕೆ ನಮ್ಮದೇ ಕಾನೂನಿನ ಆಧಾರ ಬೇಕಾಯಿತು. ವಿದೇಶಕ್ಕೆ ಹೋಗುವ ಹಕ್ಕು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು 1967ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅದುವರೆಗೆ ಪಾಸ್‌ಪೋರ್ಟ್ ಕೊಡುವುದೂ ಬಿಡುವುದೂ ಸರ್ಕಾರದ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ತೀರ್ಪಿನ ಬೆನ್ನಲ್ಲೇ ಅದೇ ವರ್ಷ ಜೂನ್‌ನಲ್ಲಿ ಪಾಸ್‌ಪೋರ್ಟ್ ಕಾಯಿದೆ ಬಂದಿತು. ಅದು ‘ಗುರುತಿನ ಪ್ರಮಾಣಪತ್ರ’ ಎಂಬ ಪ್ರತ್ಯೇಕ ವರ್ಗವನ್ನು ಹೆಸರಿಸಿತು. ಭಾರತದ ಪ್ರಜೆಗಳಲ್ಲದವರಿಗೂ ಪ್ರಯಾಣ ಪತ್ರ ಕೊಡಲು ಅವಕಾಶ ಕಲ್ಪಿಸಿತು. ಹಳದಿ ಪುಸ್ತಕವನ್ನು ನಾನ್ಸೆನ್ ಪಾಸ್‌ಪೋರ್ಟಿನ ದೂರದ ನಂಟ ಎನ್ನಬಹುದು.

ಇಲ್ಲಿ ಒಂದು ತಿರುವು ಉಂಟು. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲಿನವರೆಗೆ ಭಾರತದಲ್ಲಿ ಹುಟ್ಟಿದವರು ನಮ್ಮ ಪೌರತ್ವ ಕಾಯಿದೆಯ ಪ್ರಕಾರ, ಕೆಲವೇ ವಿನಾಯಿತಿಗಳನ್ನು ಬಿಟ್ಟರೆ, ಹುಟ್ಟಿನಿಂದಲೇ ಪ್ರಜೆಗಳು. ಬೈಲುಕುಪ್ಪೆಯಲ್ಲಿ ಹುಟ್ಟಿದ ಟಿಬೆಟನ್ ಮಗುವಿಗೂ ಇದು ಅನ್ವಯಿಸಬೇಕಷ್ಟೆ? 2010ರಲ್ಲಿ ದೆಹಲಿ ಹೈಕೋರ್ಟ್ ಹೌದೆಂದಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಸಹ ಇದೇ ನಿಲುವು ತಳೆಯಿತು. 2016ರಲ್ಲಿ ದೆಹಲಿ ಹೈಕೋರ್ಟ್ ಮತ್ತೆ ಸ್ಪಷ್ಟ ಆದೇಶ ನೀಡಿದ ಮೇಲೆ, 2017ರಲ್ಲಿ ವಿದೇಶಾಂಗ ಸಚಿವಾಲಯವು ಇಂಥವರಿಗೆ ಪಾಸ್‌ಪೋರ್ಟ್ ನೀಡುವಂತೆ ತನ್ನ ಕಚೇರಿಗಳಿಗೆ ಸೂಚಿಸಿತು. ಹೀಗೆ ಒಂದೇ ಮನೆಯಲ್ಲಿ 1986ರಲ್ಲಿ ಹುಟ್ಟಿದ ಅಕ್ಕ ಹುಟ್ಟಿನಿಂದಲೇ ಭಾರತೀಯಳು. 1988ರಲ್ಲಿ ಹುಟ್ಟಿದ ತಮ್ಮನಿಗೆ, ತಂದೆತಾಯಿಯರಲ್ಲಿ ಯಾರೊಬ್ಬರೂ ಪ್ರಜೆಯಲ್ಲದಿದ್ದರೆ, ಹಳದಿ ಪುಸ್ತಕವೇ ಗತಿ. ಹುಟ್ಟಿದ ದಿನಾಂಕಕ್ಕೆ ಇಷ್ಟು ತೂಕವಿದೆ.

ಯಂತ್ರ ಓದುವ ಎರಡು ಸಾಲು

ವಿಮಾನಯಾನ ಹೆಚ್ಚಿದಂತೆ ಪುಟ ತಿರುವಿ ಓದುವುದಕ್ಕೆ ಸಮಯ ಸಾಲದಾಯಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 1980ರಲ್ಲಿ ಯಂತ್ರವೇ ಓದಬಲ್ಲ ಪಾಸ್‌ಪೋರ್ಟಿನ ಮಾದರಿಯನ್ನು ಪ್ರಕಟಿಸಿತು. 2015ರ ನವೆಂಬರ್ 24ರ ನಂತರ ಕೈಬರಹದ ಪಾಸ್‌ಪೋರ್ಟುಗಳಿಗೆ ಅಂತರರಾಷ್ಟ್ರೀಯ ಮಾನ್ಯತೆ ಉಳಿಯಲಿಲ್ಲ.

ನಿಮ್ಮ ಪಾಸ್‌ಪೋರ್ಟಿನ ಭಾವಚಿತ್ರದ ಪುಟದ ಕೆಳಗೆ ನೋಡಿ. ತಲಾ 44 ಅಕ್ಷರಸ್ಥಾನಗಳ ಎರಡು ಸಾಲುಗಳಿವೆ. ಇವುಗಳ ಶಾಯಿ ಅವಕೆಂಪು ಕಿರಣಗಳನ್ನು ಹೀರುತ್ತದೆ. ಹಿನ್ನೆಲೆಯ ಬಣ್ಣದ ಚಿತ್ತಾರ ಹೀರುವುದಿಲ್ಲ. ಆದ್ದರಿಂದ ಆ ಬೆಳಕಿನಲ್ಲಿ ಯಂತ್ರಕ್ಕೆ ಅಕ್ಷರಗಳು ಮಾತ್ರ ಕಪ್ಪಾಗಿ ಕಾಣುತ್ತವೆ. ಎರಡನೇ ಸಾಲಿನಲ್ಲಿ ಜನ್ಮದಿನಾಂಕದ ನಂತರ ಒಂದು ಹೆಚ್ಚುವರಿ ಅಂಕಿ ಇರುತ್ತದೆ. ಇದು ತಾಳೆ ಅಂಕಿ. ಲೆಕ್ಕ ಹೀಗಿದೆ: ಆರು ಅಂಕಿಗಳನ್ನು ಕ್ರಮವಾಗಿ 7, 3, 1, 7, 3, 1ರಿಂದ ಗುಣಿಸಿ, ಕೂಡಿಸಿ, 10ರಿಂದ ಭಾಗಿಸಿ. ಉಳಿದ ಶೇಷವೇ ತಾಳೆ ಅಂಕಿ.

1947ರ ಆಗಸ್ಟ್ 15ನ್ನು ತೆಗೆದುಕೊಳ್ಳಿ. ಬರೆಯುವ ಕ್ರಮ 470815. ಗುಣಲಬ್ಧಗಳು 28, 21, 0, 56, 3, 5. ಮೊತ್ತ 113, ಶೇಷ 3. ಯಾವುದೇ ಒಂದು ಅಂಕಿ ತಪ್ಪಾದರೂ ಶೇಷ ಬದಲಾಗುತ್ತದೆ, ಏಕೆಂದರೆ 7, 3, 1 ಇವುಗಳಿಗೂ 10ಕ್ಕೂ ಸಾಮಾನ್ಯ ಅಪವರ್ತನವಿಲ್ಲ. ಆದರೆ ಪಕ್ಕಪಕ್ಕದ ಎರಡು ಅಂಕಿಗಳ ವ್ಯತ್ಯಾಸ 5 ಆಗಿದ್ದು, ಅವು ಅದಲುಬದಲಾದರೆ ಈ ಲೆಕ್ಕಕ್ಕೆ ತಿಳಿಯುವುದಿಲ್ಲ. 16 ಮತ್ತು 61ನ್ನು ಕೊನೆಯ ಎರಡು ಸ್ಥಾನಗಳಲ್ಲಿಟ್ಟು ವಿದ್ಯಾರ್ಥಿಗಳಿಂದಲೇ ಮಾಡಿಸಿ ನೋಡಿ.

ಇನ್ನೊಂದು ದಿನಾಂಕ: 1965ರ ಜೂನ್ 1. ಅಂದರೆ 650601. ಗುಣಲಬ್ಧಗಳು 42, 15, 0, 42, 0, 1, ಮೊತ್ತ 100, ಶೇಷ 0. ತಾಳೆ ಸರಿಯಾಗಿದೆ, ಯಂತ್ರ ಒಪ್ಪುತ್ತದೆ. ಆದರೆ ನಮ್ಮ ಹಿಂದಿನ ತಲೆಮಾರಿನಲ್ಲಿ ಎಷ್ಟು ಮಂದಿ ಜೂನ್ 1ರಂದು ‘ಹುಟ್ಟಿದ್ದಾರೆ’ ಎಂಬುದು ನಿಮಗೆ ಗೊತ್ತೇ ಇದೆ. ಶಾಲೆ ಶುರುವಾಗುವ ದಿನಕ್ಕೆ ಹೊಂದುವಂತೆ ಮೇಷ್ಟರು ಬರೆದ ತಾರೀಖು ಅದು. ದಾಖಲೆಯನ್ನು ಸರಿಯಾಗಿ ನಕಲು ಮಾಡಲಾಗಿದೆಯೇ ಎಂಬುದನ್ನು ಮಾತ್ರ ತಾಳೆ ಅಂಕಿ ಹೇಳಬಲ್ಲದು. ದಾಖಲೆ ನಿಜವೇ ಎಂಬುದನ್ನಲ್ಲ.

ಒಂದೇ ಹೆಸರಿನವರು

ಮೊದಲ ಸಾಲಿನಲ್ಲಿ ದೇಶಕ್ಕೆ ಮೂರು ಅಕ್ಷರ, ಹೆಸರಿಗೆ 39 ಸ್ಥಾನ. ದೇಶವಿಲ್ಲದವರಿಗೂ ಸಂಕೇತವಿದೆ: ರಾಷ್ಟ್ರರಹಿತನಿಗೆ ಎಕ್ಸ್‌ಎಕ್ಸ್‌ಎ, 1951ರ ಒಪ್ಪಂದದ ನಿರಾಶ್ರಿತನಿಗೆ ಎಕ್ಸ್‌ಎಕ್ಸ್‌ಬಿ, ಇತರ ನಿರಾಶ್ರಿತನಿಗೆ ಎಕ್ಸ್‌ಎಕ್ಸ್‌ಸಿ. ಹೆಸರು ಮನೆತನದ ಹೆಸರು, ಸ್ವಂತ ಹೆಸರು ಎಂದು ಎರಡು ಭಾಗವಾಗುತ್ತದೆ. ಒಂದೇ ಹೆಸರು ಇರುವುದನ್ನೂ ಅಂತರರಾಷ್ಟ್ರೀಯ ಮಾದರಿ ಒಪ್ಪುತ್ತದೆ. ಆದರೆ ಟಿಕೆಟ್ ಮತ್ತು ವೀಸಾ ವ್ಯವಸ್ಥೆಗಳು ಎಲ್ಲೆಡೆ ಅಷ್ಟು ಉದಾರವಾಗಿಲ್ಲ.

2022ರ ನವೆಂಬರ್‌ನಲ್ಲಿ ಇದು ಸ್ಪಷ್ಟವಾಯಿತು. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರುಳ್ಳವರು ಪ್ರವಾಸಿ ಅಥವಾ ಭೇಟಿ ವೀಸಾದ ಮೇಲೆ ಸಂಯುಕ್ತ ಅರಬ್ ಎಮಿರೇಟ್ಸ್‌ಗೆ ಬರುವಂತಿಲ್ಲ ಎಂಬ ನಿಯಮವನ್ನು ವಿಮಾನ ಕಂಪನಿಗಳು ಸೂಚನೆಯಾಗಿ ಹೊರಡಿಸಿದವು. ಪಾಸ್‌ಪೋರ್ಟಿನ ಕೊನೆಯ ಭಾಗದಲ್ಲಿ ತಂದೆಯ ಹೆಸರಿದ್ದರೆ ಅದನ್ನು ಒಪ್ಪಲಾಗುವುದೆಂಬ ವಿವರಣೆ ಬಳಿಕ ಬಂದಿತು. ಎಚ್.ಡಿ. ಕೋಟೆಯ ಮಾದೇವ ಎಂಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಅವನು ಸುಳ್ಳು ಹೇಳಿಲ್ಲ, ಏನನ್ನೂ ಮುಚ್ಚಿಟ್ಟಿಲ್ಲ. ಅವನ ಹೆಸರು ಫಾರಂನ ಎರಡು ಚೌಕಗಳಿಗೆ ಸಾಲಲಿಲ್ಲ, ಅಷ್ಟೇ.

ಚಿಪ್ ಮತ್ತು ಮುಖ

2024ರಿಂದ ನಮ್ಮ ದೇಶದಲ್ಲಿ ಚಿಪ್ ಉಳ್ಳ ಪಾಸ್‌ಪೋರ್ಟುಗಳು ಬರತೊಡಗಿವೆ. ಚಿಪ್‌ಗೆ ಬ್ಯಾಟರಿ ಇಲ್ಲ. ಓದುಯಂತ್ರದ 13.56 ಮೆಗಾಹರ್ಟ್ಸ್ ಆವರ್ತಾಂಕದ ಕಾಂತಕ್ಷೇತ್ರವು ಪುಸ್ತಕದೊಳಗಿನ ಸುರುಳಿಯಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ. 1831ರಲ್ಲಿ ಫ್ಯಾರಡೆ ಕಂಡ ವಿದ್ಯಮಾನವೇ ಇದು. ದೇಶದೊಳಗಿನ ಪ್ರಯಾಣಕ್ಕೆ 2022ರ ಡಿಸೆಂಬರ್ 1ರಂದು ಬೆಂಗಳೂರು ಸೇರಿದಂತೆ ಮೂರು ನಿಲ್ದಾಣಗಳಲ್ಲಿ ಡಿಜಿಯಾತ್ರಾ ಆರಂಭವಾಗಿ, ಮುಖವೇ ಗುರುತಾಯಿತು. ಇದು ಐಚ್ಛಿಕ, ಗುರುತಿನ ಚೀಟಿ ತೋರಿಸಿಯೂ ಹೋಗಬಹುದು. ಆದರೆ ಚಿಪ್ ಆಗಲಿ ಮುಖವಾಗಲಿ ತಾಳೆ ನೋಡುವುದು ಹಿಂದೆಂದೋ ಬರೆದಿಟ್ಟ ದಾಖಲೆಯೊಂದಿಗೇ.

ಆ ಮೊದಲ ದಾಖಲೆಯನ್ನು ಬರೆಯುವವರು ಯಾರು? 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಪಾಸ್‌ಪೋರ್ಟ್ ಬೇಕಾದರೆ ಜನನ ಪ್ರಮಾಣಪತ್ರವೇ ಬೇಕು. ಅದಕ್ಕೆ ಮೊದಲು ಹುಟ್ಟಿದವರಿಗೆ, ಅಂದರೆ ಇಂದು ನಿಮ್ಮ ತರಗತಿಯಲ್ಲಿ ಕುಳಿತಿರುವ ಎಲ್ಲ ಮಕ್ಕಳಿಗೆ, ಶಾಲೆಯ ವರ್ಗಾವಣೆ ಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೂ ನಡೆಯುತ್ತದೆ. 2017ರ ಜನವರಿಯಲ್ಲಿ ದೇಶದ ಮೊದಲ ಎರಡು ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರಗಳಲ್ಲಿ ಒಂದು ಮೈಸೂರಿನಲ್ಲೇ ತೆರೆಯಿತು. ಈಗ ಹುಣಸೂರಿನವರು ಅದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಿಲ್ಲ. ಆದರೆ ಅಲ್ಲಿ ತೋರಿಸುವ ಕಾಗದ ನಿಮ್ಮ ಶಾಲೆಯದು.

ಆದ್ದರಿಂದ ಶಿಕ್ಷಕ ಮಿತ್ರರೇ, ದಾಖಲಾತಿ ಪುಸ್ತಕದಲ್ಲಿ ಮಗುವಿನ ಹೆಸರು ಬರೆಯುವಾಗ ಇನಿಷಿಯಲ್‌ಗೆ ನಿಲ್ಲಿಸದೆ ತಂದೆ ಅಥವಾ ತಾಯಿಯ ಹೆಸರನ್ನು ಪೂರ್ತಿಯಾಗಿ ಕೇಳಿ ಬರೆಯಿರಿ; ತಾರೀಖನ್ನು ಊಹಿಸಬೇಡಿ. ಎಸ್‌ಎಸ್‌ಎಲ್‌ಸಿಗೆ ಹೆಸರು ಕಳುಹಿಸುವ ಮುನ್ನ ಮಕ್ಕಳಿಗೇ ಒಮ್ಮೆ ಓದಲು ಕೊಡಿ. ಇಪ್ಪತ್ತು ವರ್ಷದ ನಂತರ, ದೇವನಹಳ್ಳಿಯಲ್ಲೋ ಕಣ್ಣೂರಿನಲ್ಲೋ ಒಂದು ಕೌಂಟರಿನ ಮುಂದೆ, ಯಂತ್ರವು ಓದುವುದು ನಿಮ್ಮ ಕೈಬರಹದ ನಕಲನ್ನೇ.